ಹುಚ್ಚಕ್ಕನ ಮೈಮೇಲಿನ ಕೆಂಪು ಗೆರೆಗಳು

ನಮ್ಮ ಸೀಮೆಯ ಆರೋಗ್ಯದ ಹೊಣೆ ಹೊತ್ತಿರುವ ಮಾನ್ಯರೇ,

ನನ್ನ ತಂಗಿ ಹುಚ್ಚಕ್ಕ ನಿಮ್ಮ ಆರೋಗ್ಯ ಕೇಂದ್ರದ ಮಾತ್ರೆ ನುಂಗಿ ಸತ್ತಳು. ಮಾತ್ರೆ ಕಲಬೆರಕೆಯದಲ್ಲ, ಅವಧಿ ಮೀರಿದ್ದೂ ಅಲ್ಲ. ಆ ಮಟ್ಟಿಗೆ ನೀವು ನಿರ್ದೋಷಿಗಳು. ಆದದ್ದಿಷ್ಟೇ: ಅವಳ ರೋಗ ಯಾವುದೆಂದು ಯಾರೂ ನೋಡಲಿಲ್ಲ.

ನಾನು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವಳು. ತಂಗಿಯನ್ನು ಸಿದ್ದಾಪುರದಾಚೆಯ ಒಂದು ಹಟ್ಟಿಗೆ ಕೊಟ್ಟಿದ್ದೆವು. ಹಟ್ಟಿಯ ಗೋಡೆಯ ಮೇಲೆ ‘ಬಯಲು ಶೌಚ ಮುಕ್ತ’ ಎಂದು ಬರೆಸಿದ್ದಾರೆ. ಗೋಡೆಯ ಹಿಂದಿನ ಹಳ್ಳಕ್ಕೆ ಮಾತ್ರ ಓದು ಬರುವುದಿಲ್ಲ. ಆ ಹಳ್ಳದಲ್ಲೇ ಅವಳು ಬರಿಗಾಲಲ್ಲಿ ಕುರಿ ಮೇಯಿಸುತ್ತಿದ್ದಳು. ಬರಬರುತ್ತಾ ಸೊಂಟದಲ್ಲಿ, ತೊಡೆಯಲ್ಲಿ ಕೆಂಪು ಗೆರೆಗಳೆದ್ದವು. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ. “ಅಕ್ಕಾ, ಚರ್ಮದೊಳಗೆ ಏನೋ ಹರಿದಾಡ್ತೈತೆ ಕಣೇ” ಎಂದು ಅಳುತ್ತಿದ್ದಳು. ಅತ್ತೆ ಸೂರಮ್ಮ ನಾಗದೋಷವೆಂದು ಹುತ್ತಕ್ಕೆ ಹಾಲೆರೆಸಿದರು. ಆಮೇಲೆ ಅವಳ ತಟ್ಟೆ ಬೇರೆ ಮಾಡಿದರು.

ಗಂಡ ಪಾಲಾಕ್ಷ ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಾಗ ನಾನೂ ಜೊತೆಗಿದ್ದೆ. “ಸಾರ್, ಹೊಟ್ಟೆನೂ ನುಲೀತೈತೆ, ಒಂಚೂರು ನೋಡ್ರಿ” ಎಂದಳು. ವೈದ್ಯರು ತಲೆ ಎತ್ತದೆ ಕೇಳಿದರು: “ತುರಿಕೆಗೆ ಬಂದೀಯೋ, ಹೊಟ್ಟೆಗೆ ಬಂದೀಯೋ?” ಹೊಟ್ಟೆಯೂ ಚರ್ಮವೂ ಬೇರೆ ಬೇರೆ ಇಲಾಖೆಗಳೆಂದು ನಮಗೆ ಅಂದೇ ತಿಳಿದದ್ದು. ಅಲರ್ಜಿ ಎಂದು ಸ್ಟೀರಾಯ್ಡ್ ಮಾತ್ರೆ ಬರೆದರು. ಮಲ ಪರೀಕ್ಷೆ? ಸೂಕ್ಷ್ಮದರ್ಶಕವಿತ್ತು, ಅದರಲ್ಲಿ ನೋಡುವವರ ಹುದ್ದೆ ಖಾಲಿಯಿತ್ತು.

ಮಾತ್ರೆ ಕೆಲಸ ಮಾಡಿತು, ಮುಚ್ಚಿಡುವುದಿಲ್ಲ. ಗೆರೆಗಳು ಮಾಯವಾದವು, ಮುಖ ತುಂಬಿಕೊಂಡಿತು. ನಮ್ಮ ಮನೆಗೆ ಬಂದವಳು ಮಗ್ಗದಿಂದ ಆಗಷ್ಟೇ ಇಳಿಸಿದ ಸೀರೆಯ ಸೆರಗನ್ನು ಹೆಗಲಿಗೆ ಹಾಕಿಕೊಂಡು, “ಈಗ ಮುಟ್ಟಬೌದಲ್ಲೇನೇ?” ಎಂದು ನಕ್ಕಳು. ನಾವೆಲ್ಲ ನಿಮಗೆ ಕೈಮುಗಿದೆವು. ಮಾತ್ರೆ ಮುಗಿದ ಮೇಲೆ ಮತ್ತೆ ಗೆರೆ, ಮತ್ತೆ ಅದೇ ಮಾತ್ರೆ, ಮೊದಲಿಗಿಂತ ಹೆಚ್ಚು.

ಕೊನೆಗೆ ವಾಂತಿ, ಜ್ವರ, ಏದುಸಿರು. ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿನ ಡಾಕ್ಟರಮ್ಮ ಕಫ ಪರೀಕ್ಷೆ ಮಾಡಿಸಿ, ನಮ್ಮನ್ನು ಕೂರಿಸಿಕೊಂಡು ಹೇಳಿದರು: “ಮಲ ಬಿದ್ದ ಮಣ್ಣಿನ ಹುಳ ಬರಿಗಾಲಿಂದ ಒಳಹೊಕ್ಕು ಕರುಳಲ್ಲಿ ಸೇರಿಕೊಂಡಿತ್ತು. ಮೈಮೇಲಿನ ಗೆರೆ ಅದರದೇ. ಸ್ಟೀರಾಯ್ಡಿಂದ ದೇಹದ ಕಾವಲು ಕುಸಿದು ಹುಳಗಳು ಶ್ವಾಸಕೋಶದವರೆಗೂ ಹಬ್ಬಿವೆ. ಮೊದಲೇ ಗೊತ್ತಾಗಿದ್ರೆ ಹುಳದ ಮಾತ್ರೆಯಲ್ಲೇ ವಾಸಿಯಾಗ್ತಿತ್ತು.”

“ಹಂಗಾದ್ರೆ ಈಗ ಕೊಡ್ರಿ ಅದನ್ನ” ಎಂದ ಪಾಲಾಕ್ಷ. ಕೊಟ್ಟರು. ಹೊತ್ತು ಮೀರಿತ್ತು.

ಶಾಲೆಯ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ನುಂಗಿಸಿ ಫೋಟೋ ತೆಗೆಸಿಕೊಳ್ಳುತ್ತೀರಿ, ಸಂತೋಷ. ದೊಡ್ಡವರ ಹೊಟ್ಟೆಗೆ ಹುಳ ಹೋಗಕೂಡದೆಂದು ಸುತ್ತೋಲೆಯೇನಾದರೂ ಹೊರಡಿಸಿದ್ದೀರಾ?

ಹುಚ್ಚಕ್ಕನ ಮಗಳು ಕಾವ್ಯಳಿಗೂ ಗೆರೆ ಎದ್ದಿತು. ನಿಮ್ಮ ಕೇಂದ್ರ ಅವಳಿಗೂ ಅದೇ ಮಾತ್ರೆ ಕೊಟ್ಟಿತು. ಮಾತ್ರೆಯನ್ನು ಕೈಯಿಂದ ಕಿತ್ತುಕೊಂಡು ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ, ಉಳಿದಳು. ಹಟ್ಟಿಯಲ್ಲಿ ಉಳಿದವರನ್ನು ಕರೆದೊಯ್ಯುವವರು ಯಾರು?

ನನಗೆ ಪರಿಹಾರ ಬೇಡ. ಸೂಕ್ಷ್ಮದರ್ಶಕದಲ್ಲಿ ನೋಡಬಲ್ಲವರೊಬ್ಬರನ್ನು ನೇಮಿಸಿ. ಹಟ್ಟಿಯ ಎಲ್ಲರ ಮಲ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು ಹಟ್ಟಿಗೆ ಖುದ್ದಾಗಿ ಬನ್ನಿ. ಅಲ್ಲಿ ಇನ್ನೂ ಎಷ್ಟೋ ಜನ ತುರಿಸಿಕೊಳ್ಳುತ್ತಾ ಆ ಮಾತ್ರೆಯನ್ನೇ ನುಂಗುತ್ತಿದ್ದಾರೆ. ಪಾಲಾಕ್ಷ ಮನೆ ಮನೆಗೂ ಹೋಗಿ “ನುಂಗಬ್ಯಾಡ್ರಪ್ಪೋ” ಎಂದರೆ, “ಡಾಕ್ಟ್ರು ಕೊಟ್ಟಿರೋದು ಕಣಲೇ, ಬ್ಯಾಡ ಅನ್ನಾಕೆ ನೀನ್ಯಾರು?” ಎನ್ನುತ್ತಾರೆ. ಅವರು ನಂಬುವುದು ನಿಮ್ಮನ್ನು. ನೀವೇ ಬಂದು ಹೇಳಿ.

ಇಂತಿ,
ಬೇರೆ ದಾರಿ ಕಾಣದೆ ನಿಮಗೇ ಬರೆಯಬೇಕಾಗಿ ಬಂದ
ವನಜಾಕ್ಷಿ
ಮೊಳಕಾಲ್ಮೂರು