ಮಳೆನೀರಿನ ತೊಟ್ಟಿಗೆ ಸೀಮೆಎಣ್ಣೆ ಸುರಿಸಿದವರಿಗೆ

ಸೊಳ್ಳೆ ನಿರ್ಮೂಲನದ ಸಾಹೇಬರೇ,

ತಲೆಬಾಗಿ ನಮಸ್ಕರಿಸುತ್ತೇನೆ ಎಂದು ಶುರು ಮಾಡುವುದು ವಾಡಿಕೆ. ನನ್ನ ಕತ್ತು ಬಾಗುವುದಿಲ್ಲ. ವರ್ಷಗಟ್ಟಲೆ ಊರ ಬೋರ್‌ವೆಲ್ ನೀರು ಕುಡಿದು ಕತ್ತು, ಸೊಂಟ ಎರಡೂ ಮರಗಟ್ಟಿವೆ. ಆದ್ದರಿಂದ ನೆಟ್ಟಗೆ ನಿಂತೇ ಹೇಳುತ್ತೇನೆ: ಕಳೆದ ಮಂಗಳವಾರ ತಾವು ನಮ್ಮ ಮನೆಯ ಮಳೆನೀರಿನ ತೊಟ್ಟಿಗೆ ಸೀಮೆಎಣ್ಣೆ ಸುರಿಸಿದಿರಿ. ಅದು ನನ್ನ ಮೊಮ್ಮಗಳು ಕುಡಿಯುವ ನೀರು.

ಮೊಮ್ಮಗಳು ಶ್ಯಾಮಲಳಿಗೆ ಆರು ವರ್ಷ. ಮೊಣಕಾಲುಗಳು ಆಗಲೇ ಒಳಕ್ಕೆ ಸೊಟ್ಟಗಾಗುತ್ತಿವೆ. "ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಮೂಳೆ ಸೊಟ್ಟ ಮಾಡುತ್ತೆ, ಈ ಮಗೂಗೆ ತೋರಿಸ್ಲೇಬೇಡಿ, ಮಳೆನೀರೇ ಕೊಡಿ" ಎಂದರು ಡಾಕ್ಟರು. ನಮ್ಮ ಅಂಗಳದಲ್ಲಿ ಅಪ್ಪ ಕಟ್ಟಿಸಿದ ಗಾರೆ ತೊಟ್ಟಿಯಿತ್ತು. ಮೊದಲ ಮಳೆಯನ್ನು ಹೆಂಚು ತೊಳೆಯಲು ಬಿಟ್ಟು, ಆಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿ ಅದಕ್ಕೆ ತುಂಬಿಸಿದೆವು. ಬಾಯಿಗೆ ಚಪ್ಪಡಿ ಎಳೆದು, ಸಂದಿಗೆಲ್ಲ ಕೆಮ್ಮಣ್ಣು, ಸಗಣಿ ಮೆತ್ತಿದೆವು. ವಾರಕ್ಕೊಮ್ಮೆ ನನ್ನ ತಾಯಿ ದೊಡ್ಡವೆಂಕಟಮ್ಮ ಆ ಮೆತ್ತಿದ್ದನ್ನು ಒಡೆದು, ಒಂದು ಕೊಡ ಸೇದಿ, ಮತ್ತೆ ಮೆತ್ತುತ್ತಿದ್ದರು. ಈ ಬರದಲ್ಲಿ ಊರಿಗೆಲ್ಲ ಮನೆಗೆರಡು ಕೊಡ ಬೋರ್‌ವೆಲ್ ನೀರು ಎಂದು ಕಟ್ಟಳೆಯಾದ ಮೇಲೂ ನಾವ್ಯಾರೂ ತೊಟ್ಟಿ ನೀರು ಮುಟ್ಟಲಿಲ್ಲ. ಅದು ಮಗುವಿನ ಪಾಲು.

ಮಂಗಳವಾರ ಮಧ್ಯಾಹ್ನ ತಮ್ಮ ಜೀಪು ಬಂತು. ತಮ್ಮ ಜವಾನ ಇಳಿದು "ಅಜ್ಜಿ, ತೊಟ್ಟಿ ತೆಗಿ" ಎಂದ. ಪಾಪ, ನನ್ನ ತಾಯಿಗೆ ಸರ್ಕಾರದ ಭಾಷೆ ಬಾರದು. ನಮ್ಮ ಕಡೆ ದಾಹವೆಂದು ಬಂದವನಿಗೆ ತೊಟ್ಟಿ ನೀರು ಇಲ್ಲ ಎನ್ನುವ ಪದ್ಧತಿಯಿಲ್ಲ. ಬಿಸಿಲಲ್ಲಿ ಬಂದವರಿಗೆ ಬಾಯಾರಿದೆ ಎಂದುಕೊಂಡು, ಮಗುವಿನ ಪಾಲಾದರೂ ಆಗಲಿ ಎಂದು, ಎಂಬತ್ತರ ಮುದುಕಿ ತನ್ನ ಕೈಯಾರೆ ಮೆತ್ತಿದ್ದನ್ನು ಒಡೆದರು. ತಾವು ಜೀಪಿನಿಂದ ಇಳಿಯುವ ಶ್ರಮ ತೆಗೆದುಕೊಳ್ಳಲಿಲ್ಲ. ಚೊಂಬು ಅಲ್ಲಿಗೇ ಬಂತು.

"ಕುಡೀರಿ ಸಾಮಿ, ಸ್ವಾತಿ ಮಳೆ ನೀರು."

"ಬಲೇ ತಣ್ಣಗೈತಲ್ಲಮ್ಮ!" ಎಂದು ತಾವು ಗಟಗಟನೆ ಕುಡಿದು, ಇನ್ನೊಂದು ಚೊಂಬು ಕೇಳಿ, ಉಳಿದದ್ದರಲ್ಲಿ ಮುಖ ತೊಳೆದುಕೊಂಡಿರಿ. ಆಮೇಲೆ ಜವಾನನಿಗೆ ಕೈಸನ್ನೆ ಮಾಡಿದಿರಿ. ಅವನು ಡಬ್ಬ ಬಗ್ಗಿಸಿದ.

"ಅಯ್ಯೋ ದೇವುಡಾ! ಮಗು ಕುಡಿಯೋ ನೀರು ಕಣಪ್ಪಾ!"

"ನಿಂತ ನೀರಿಗೆಲ್ಲ ಹಾಕ್ಬೇಕು ಅಂತ ಆರ್ಡರ್ ಐತೆ ಅಜ್ಜಿ."

ಮಾನ್ಯರೇ, ಕೆಮ್ಮಣ್ಣು ಮೆತ್ತಿದ ಚಪ್ಪಡಿಯೊಳಗೆ ನುಗ್ಗುವ ಸೊಳ್ಳೆಯನ್ನು ತಾವು ಎಲ್ಲಿ ಕಂಡಿರಿ? ಆ ತೊಟ್ಟಿಯೊಳಗೆ ಬೆಳಕು ಬಿದ್ದದ್ದೇ ತಮ್ಮ ದಾಹಕ್ಕಾಗಿ. ತಮ್ಮ ಕಚೇರಿಯ ಹಿಂದಿನ ಮೋರಿಯಲ್ಲಿ ಸೊಳ್ಳೆಗಳು ಮೂರು ತಲೆಮಾರಿನಿಂದ ಸಂಸಾರ ಮಾಡಿಕೊಂಡಿವೆಯಲ್ಲ, ಅವು ಏನು ಖಾಯಂ ನೌಕರರೇ? ಆ ನೀರಿನಲ್ಲಿ ರೋಗವಿತ್ತೆಂದರೆ ತಾವೇಕೆ ಎರಡು ಚೊಂಬು ಇಳಿಸಿದಿರಿ? ಇರಲಿಲ್ಲವೆಂದರೆ ಎಣ್ಣೆ ಏಕೆ ಸುರಿಸಿದಿರಿ? ನಮ್ಮ ದೀಪಕ್ಕೆ ಒಂದು ಲೀಟರ್ ಸೀಮೆಎಣ್ಣೆ ಬೇಕೆಂದರೆ ರೇಷನ್ ಅಂಗಡಿ ಮುಂದೆ ಬೆಳಗಿನಿಂದ ಕಾಯಬೇಕು. ಮಗುವಿನ ನೀರು ಕೆಡಿಸಲು ಮಾತ್ರ ಸರ್ಕಾರದ ಕೈ ಎಷ್ಟು ಧಾರಾಳ! ತಮ್ಮಂಥವರಿಗೆ ಸಂಬಳ ಕೊಟ್ಟು ಸಾಕುವುದಕ್ಕಿಂತ ಸೊಳ್ಳೆ ಸಾಕುವುದು ಮೇಲು. ಅದು ರಕ್ತ ಕುಡಿದ ಮೇಲೆ ಸುಮ್ಮನೆ ಹಾರಿಹೋಗುತ್ತದೆ.

ಎಣ್ಣೆ ಮೇಲೆ ತೇಲುತ್ತದಲ್ಲ, ಅಡಿಯ ನೀರಾದರೂ ಉಳಿದೀತು ಎಂದು ಸೇದಿ, ಸೋಸಿ, ಕುದಿಸಿ ನೋಡಿದೆವು. ಶ್ಯಾಮಲ ಲೋಟ ಮೂಗಿಗೆ ಹಿಡಿದು "ತಾತಾ, ಲಾಂದ್ರದ ವಾಸ್ನೆ" ಎಂದಳು. ನಾನು ಅತ್ತುಬಿಟ್ಟೆ. ಈಗ ಅವಳು ಕುಡಿಯುತ್ತಿರುವುದು ಬೋರ್‌ವೆಲ್ ನೀರು. ನನ್ನ ತಾಯಿ ತನ್ನ ಕೈಯನ್ನೇ ನೋಡಿಕೊಳ್ಳುತ್ತಾ, "ನಾನೇ ತೆಗೆದುಕೊಟ್ನಲ್ಲೋ" ಎಂದು ಕೂತಿದ್ದಾರೆ. ಊಟ ಸೇರುತ್ತಿಲ್ಲ.

ಕ್ಷಮೆ ಬೇಡ, ಇಟ್ಟುಕೊಳ್ಳಿ. ತಮ್ಮ ಬಂಗಲೆಗೆ ಟ್ಯಾಂಕರಿನಲ್ಲಿ ಕೆರೆಯ ಸಿಹಿನೀರು ಬರುತ್ತದೆ. ಮಳೆ ಬರುವವರೆಗೆ ವಾರಕ್ಕೊಂದು ಕೊಡ ಅದರಿಂದ ನಮ್ಮ ಮನೆಗೆ ಬರಬೇಕು. ಜವಾನನ ಹೆಗಲ ಮೇಲಲ್ಲ, ತಮ್ಮ ಹೆಗಲ ಮೇಲೆ. ಆಗದೆಂದರೆ ಒಂದು ಬೆಳಿಗ್ಗೆ ಬನ್ನಿ. ತಾವು ಕುಡಿದ ಚೊಂಬು ತೆಗೆದಿಟ್ಟಿದ್ದೇನೆ. ಅದರಲ್ಲಿ ಬೋರ್‌ವೆಲ್ ನೀರು ಹಿಡಿದು ಶ್ಯಾಮಲಳಿಗೆ ತಾವೇ ಕುಡಿಸಿ. ಯಾಕೆ ಎಂದು ಅವಳು ಕೇಳುತ್ತಾಳೆ. ಕೂತು ಹೇಳಿ. ಅವಳಿಗೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ.

ಇಂತಿ,
ತಮ್ಮ ದಾಹ ತೀರಿಸಿದ ಮನೆಯವನು,
ವೆಂಕಟರಾಯಪ್ಪ
ನಂಗಲಿ ಪಕ್ಕದ ಹಳ್ಳಿ, ಮುಳಬಾಗಿಲು ತಾಲ್ಲೂಕು
ಏಪ್ರಿಲ್ ೧೯೮೩