ಎರಡೂ ಕಡೆಯವಳು

ಆರಗ
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ತ್ರಿಶಲಾ ಅಕ್ಕನಿಗೆ, ಆರಗದಿಂದ ನಿಮ್ಮ ವೈನಿ ಹೇಳುವ ಜೈ ಜಿನೇಂದ್ರ.

ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಅಣ್ಣನಿಗೆ ಮಾತ್ರ ಫ್ಲೆಕ್ಸಿನ ಹುಚ್ಚು ಹಿಡಿದಿದೆ. ಈ ತಿಂಗಳ ಮೂವತ್ತಕ್ಕೆ ಅತ್ತೆಯವರ ಮೊದಲ ಪುಣ್ಯಸ್ಮರಣೆಯಲ್ಲವೇ, ಬಸ್ ಸ್ಟ್ಯಾಂಡಿನಲ್ಲಿ ಹತ್ತು ಅಡಿಯ ಫ್ಲೆಕ್ಸ್ ಕಟ್ಟಿಸಬೇಕಂತೆ. ಅದಕ್ಕೆ ಫೋಟೋ ಹುಡುಕಿ ಹುಡುಕಿ ಸಾಕಾಯಿತು. ನಿಮ್ಮ ಅವ್ವ ಒಂದರಲ್ಲೂ ಸುಮ್ಮನೆ ನಿಂತಿಲ್ಲ. ಯಾರಿಗೋ ಬೈಯುತ್ತಿರುವುದು ಒಂದಿದೆ, ಬರೀ ಸೆರಗಿನ ತುದಿ ಕಾಣುವುದು ಇನ್ನೊಂದಿದೆ. ಕೊನೆಗೆ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ತಂದರು. ಪೊಲೀಸರು ಹುಡುಕುತ್ತಿರುವ ಹೆಂಗಸಿನ ಹಾಗೆ ಕಾಣುತ್ತಾರೆ. ಇದನ್ನು ಕಟ್ಟಿದರೆ ನಾನು ಆ ದಾರಿಯಲ್ಲಿ ಓಡಾಡುವುದಿಲ್ಲ ಎಂದು ಹೇಳಿದ್ದೇನೆ.

ಇರಲಿ. ಇದು ಫ್ಲೆಕ್ಸಿನ ಪತ್ರವಲ್ಲ, ಋತುಜಾಳ ಪತ್ರ. ಇಲ್ಲಿಗೇ ಮಡಚಿ ಇಡಬೇಡಿ. ಫೋನಿನಲ್ಲಿ ಮಗಳ ಹೆಸರು ಎತ್ತಿದೊಡನೆ ಕಟ್ ಮಾಡುತ್ತೀರಿ, ಕಾಗದವನ್ನು ಹಾಗೆ ಕಟ್ ಮಾಡಲಾಗದು. ಕನ್ನಡದಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಯಜಮಾನರು ಭರತೇಶ ದಾಜಿಯವರಿಗೆ ಮರಾಠಿ ಬಿಟ್ಟು ಬೇರೆ ಓದಲು ಬಾರದು. ಮೊದಲು ನೀವೊಬ್ಬರೇ ಓದಿ. ಅವರಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು.

ಋತುಜಾಳಿಗೆ ಡಾಕ್ಟರು ಇಪ್ಪತ್ತೆಂಟಕ್ಕೆ ದಿನ ಕೊಟ್ಟಿದ್ದಾರೆ. ಮೊದಲ ಹೆರಿಗೆ, ತವರಿನಲ್ಲಿ ಆಗಬೇಕಾದದ್ದು. ನೀವು ಕರೆಯಲಿಲ್ಲ. ಅವಳು ಪ್ರತಾಪನನ್ನು ಮದುವೆಯಾಗಿ ಇಪ್ಪತ್ತೊಂದು ತಿಂಗಳಾಯಿತು. ಮಿರಜದಲ್ಲಿ ಅವಳು, ಕಸಬೆ ಡಿಗ್ರಜದಲ್ಲಿ ನೀವು, ನಡುವೆ ಒಂದು ಗಂಟೆಯ ದಾರಿಯೂ ಇಲ್ಲ. ಪುಣ್ಯಸ್ಮರಣೆಗೂ "ಆಕಿ ಬರೂ ಹಂಗಿದ್ರ ನಾ ಬರೂದಿಲ್ಲ" ಎಂದು ಅಣ್ಣನಿಗೆ ಹೇಳಿದ್ದೀರಿ. ಹೋದ ವರ್ಷ ಅತ್ತೆ ತೀರಿಕೊಂಡಾಗ ಮಾತಾಡಿಸಲು ಬಂದವರ ಎದುರು ನೀವು ಅತ್ತುಕೊಂಡು ಆಡಿದ ಮಾತು ನನ್ನ ಕಿವಿಯಲ್ಲಿದೆ: "ಆ ಲಗ್ನದ ಕೊರಗಿನ್ಯಾಗ ನಮ್ಮವ್ವ ಹ್ವಾದಳು." ಆಗ ನಾನು ಬಾಯಿ ಮುಚ್ಚಿಕೊಂಡು ಚಹಾ ಹಂಚಿದೆ. ತಪ್ಪು ಮಾಡಿದೆ ಅಕ್ಕ. ನಿಮ್ಮ ಅವ್ವ ಕೊರಗಿ ಹೋದವರಲ್ಲ. ಅದನ್ನು ಹೇಳಬೇಕಾದರೆ ಬೆಳ್ಳುಳ್ಳಿಯಿಂದ ಶುರು ಮಾಡಬೇಕು.

ಹೌದು, ಬೆಳ್ಳುಳ್ಳಿ. ಗಡ್ಡೆ ತಿನ್ನದ, ಉಳ್ಳಾಗಡ್ಡಿಯ ಬುಟ್ಟಿ ಕಂಡರೆ ದಾರಿ ಬಿಟ್ಟು ನಡೆಯುವ, ಹೊತ್ತು ಮುಳುಗುವ ಮೊದಲೇ ಉಂಡು ಬಾಯಿ ತೊಳೆಯುವ ನಿಮ್ಮ ಅವ್ವ ಚಂದ್ರಾಬಾಯಿ ಇಪ್ಪತ್ತೆಂಟು ವರ್ಷ ತೋಟದ ಖೋಲಿಯಲ್ಲಿ ಬೆಳ್ಳುಳ್ಳಿ ಬೇಯಿಸಿದ್ದಾರೆ. ಕೂತುಕೊಂಡು ಓದಿ.

ಖೋಲಿಯಲ್ಲಿ ಅವರು ಬಾಣಂತನ ಮಾಡುತ್ತಿದ್ದದ್ದು ನಿಮಗೆ ಗೊತ್ತು. ಎಲೆಬಳ್ಳಿಯ ತೋಟಕ್ಕೆ ಕೂಲಿಗೆ ಬಂದ ಹೆಣ್ಣುಮಕ್ಕಳು, ತವರು ದೂರ, ಕೆಲವರಿಗೆ ತವರೇ ಇಲ್ಲ. ಆಸ್ಪತ್ರೆಯಿಂದ ಕೂಸು ಎತ್ತಿಕೊಂಡು ಬಂದವರನ್ನು ಖೋಲಿಯಲ್ಲಿ ಮಲಗಿಸಿ ನಲವತ್ತು ದಿನ ನೀರು ಹಾಕಿ, ಎಣ್ಣೆ ತಿಕ್ಕಿ, ಬಿಸಿ ಬಿಸಿ ಉಣ್ಣಲು ಕೊಟ್ಟು ಕಳಿಸುತ್ತಿದ್ದರು. ಏನು ಉಣ್ಣಲು ಕೊಡುತ್ತಿದ್ದರು ಎಂಬುದು ಮಾತ್ರ ನಿಮಗೆ ಗೊತ್ತಿಲ್ಲ.

ನಾನು ಮದುವೆಯಾಗಿ ಬಂದು ಮೂರು ತಿಂಗಳಾಗಿತ್ತು. ಮುದ್ದೇಬಿಹಾಳ ಕಡೆಯ ಹುಲಿಗೆಪ್ಪ ಮತ್ತು ಸೀತವ್ವ ತೋಟಕ್ಕೆ ಬಂದ ವರ್ಷ ಅದು. ಸೀತವ್ವನಿಗೆ ಗಂಡು ಹುಟ್ಟಿತು. ತಾಯಿ ಇಲ್ಲದ ಹುಡುಗಿ, ಎದೆಹಾಲು ಬರಲಿಲ್ಲ. ಕೂಸು ಅತ್ತರೆ ನಮ್ಮ ಮನೆಯ ತನಕ ಕೇಳುತ್ತಿತ್ತು. ಬೆಳ್ಳುಳ್ಳಿ ಕೊಟ್ಟರೆ ಹಾಲು ಬರುತ್ತದೆ ಎಂದು ಯಾರೋ ಹೇಳಿದರು. ಅತ್ತೆ ನನ್ನನ್ನು ದನದ ಕೊಟ್ಟಿಗೆಯ ಹಿಂದೆ ಕರೆದು ಮೆಲ್ಲಗೆ ಕೇಳಿದರು: "ಖರೇ ಹೇಳು ಉಜ್ವಲಾ, ನಿಮ್ಮ ತವರಮನ್ಯಾಗ ಬಳ್ಳೊಳ್ಳಿ ತಿಂತಿದ್ರಿಲ್ಲೊ?"

ನನ್ನ ಜೀವ ಹಾರಿತು. ಹೊಸ ಸೊಸೆ, ಇದು ಪರೀಕ್ಷೆ ಎಂದುಕೊಂಡೆ. "ಇಲ್ರಿ ಅತ್ತಿ, ಅದರ ವಾಸನಿಗೂ ನಿಂದ್ರೂದಿಲ್ಲರಿ ನಾವು" ಎಂದೆ. ಶುದ್ಧ ಸುಳ್ಳು. ಕಾಗವಾಡದ ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಚಟ್ನಿಯ ಭರಣಿ ಅಟ್ಟದ ಮೇಲೆ ಇರುತ್ತಿತ್ತು, ನಾನು ಏಣಿ ಹಾಕಿ ತಿಂದವಳು.

ನಾನು ಸುಳ್ಳು ಹೇಳಿದ್ದಕ್ಕೆ ಅತ್ತೆ ಹುಲಿಗೆಪ್ಪನನ್ನು ಕೇಳಿದರು. ಅವನು ಏಳೆಂಟು ಹಾಕಿರಿ ಎಂದ. ಅವನು ಹೇಳಿದ್ದು ಎಸಳು, ಇವರು ಹಾಕಿದ್ದು ಇಡೀ ಗಡ್ಡೆ, ಅದೂ ಸಿಪ್ಪೆ ಸಮೇತ. ರುಚಿ ನೋಡುವ ಹಾಗಿಲ್ಲವಲ್ಲ! ಸೀತವ್ವ ಒಂದು ತುತ್ತು ಬಾಯಿಗಿಟ್ಟಳು, ಕಣ್ಣಲ್ಲಿ ನೀರು, ಮೂಗಿನಲ್ಲಿ ನೀರು. ಹೇಗಾಗಿದೆ ಎಂದು ಅತ್ತೆ ಕೇಳಿದರೆ, "ಭಾಳ ಚಲೋ ಆಗೇತ್ರಿ ಚಂದ್ರವ್ವ, ನಮ್ಮವ್ವ ಮಾಡಿದಂಗ ಆಗೇತಿ" ಎಂದಳು. ಈಗ ಕೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಅಂಥ ಕೆಟ್ಟ ಅಡುಗೆಯನ್ನು ಅವಳ ತಾಯಿ ಜನ್ಮದಲ್ಲಿ ಮಾಡಿರಲಿಲ್ಲವಂತೆ. ಆದರೂ ತಟ್ಟೆ ಖಾಲಿ ಮಾಡಿದಳು.

ನಾನು ಬಿಸಿನೀರು ತೆಗೆದುಕೊಂಡು ಒಳಗೆ ಹೋದವಳು ತಟ್ಟೆಯ ಅಂಚಿನಲ್ಲಿ ಸಿಪ್ಪೆಯ ರಾಶಿ ನೋಡಿದೆ. ನಗು ತಡೆಯಲಾಗದೆ, "ಸುಲೀಬೇಕರಿ ಅತ್ತಿ ಅದನ್ನ" ಎಂದು ಬಾಯಿಬಿಟ್ಟೆ. ಅತ್ತೆ ಬೆಳ್ಳುಳ್ಳಿಯ ಬುಟ್ಟಿಯನ್ನು ನನ್ನ ಕಡೆ ತಳ್ಳಿದರು. "ವಾಸನಿಗೂ ನಿಂದ್ರದಾಕಿ ನೀ! ಕುಂದ್ರ ಹಂಗಾರ, ಸುಲಿ" ಎಂದರು. ಆವತ್ತು ಕೂತವಳು ಅವರು ಹೋಗುವತನಕ ಸುಲಿದೆ. ನಲವತ್ತಕ್ಕೂ ಹೆಚ್ಚು ಬಾಣಂತಿಯರಿಗೆ, ನನ್ನ ಉಗುರೇ ಸಾಕ್ಷಿ.

ಅವರು ಒಂದು ಎಸಳನ್ನೂ ನಾಲಿಗೆಗೆ ತಾಗಿಸಲಿಲ್ಲ. ಅಡುಗೆ ಮುಗಿದ ಮೇಲೆ ತೋಟದ ಬಾವಿಯ ಹತ್ತಿರವೇ ಸ್ನಾನ, ಬೇರೆ ಸೀರೆ, ಆಮೇಲೆ ಮನೆ. ಇದರಿಂದ ನಿಮ್ಮ ನೇಮಕ್ಕೆ ಭಂಗವಲ್ಲವೇ ಎಂದು ನಾನು ಒಮ್ಮೆ ಕೇಳಿದೆ. "ನೇಮಾ ನಾ ತಗೊಂಡದ್ದು ನನ್ನ ಬಾಯಿಗೆ. ಅದನ್ನ ಆಕಿ ಹೊಟ್ಟಿಗೆ ಯಾಕ ಕಟ್ಟಲಿ?" ಎಂದರು. ಇಷ್ಟು ಹೇಳಿ ಎದ್ದು ಕೂಸಿಗೆ ಎಣ್ಣೆ ಹಚ್ಚಲು ಹೋದರು.

ಒಂದು ದೀಪಾವಳಿಗೆ ನೀವು ಬಂದಾಗ ಅವರ ಕೈ ಮೂಸಿ ಮುಖ ಕಿವುಚಿದ್ದಿರಿ, ನೆನಪಿದೆಯೇ? ಮೊಣಕಾಲಿಗೆ ವೈದ್ಯರು ಕೊಟ್ಟ ಎಣ್ಣೆ ಎಂದುಬಿಟ್ಟರು. ಪಾಪ, ನೀವು ಅದನ್ನು ನಂಬಿ ಪ್ರತಿ ದೀಪಾವಳಿಗೂ ಸಾಂಗಲಿಯಿಂದ ವಾಸನೆಯಿಲ್ಲದ ಒಳ್ಳೆ ಎಣ್ಣೆ ತಂದು ಕೊಟ್ಟಿರಿ. ಅವರ ಮೊಣಕಾಲಿಗೆ ಏನೂ ಆಗಿರಲಿಲ್ಲ ಅಕ್ಕ. ನಿಮ್ಮ ಎಣ್ಣೆಯಿಂದ ಅರ್ಧ ಆರಗದ ಮುದುಕಿಯರು ಮೆಟ್ಟಿಲು ಹತ್ತುತ್ತಿದ್ದಾರೆ.

ಗಂಡಂದಿರನ್ನು ಅವರು ಆಡಿಸುತ್ತಿದ್ದ ರೀತಿಯನ್ನು ನೀವು ನೋಡಬೇಕಿತ್ತು. ಕೂಸಿನ ಬಟ್ಟೆ ಒಗೆಯುವುದು ಅಪ್ಪನ ಕೆಲಸ, ಅದೂ ಕಾಲುವೆಯಲ್ಲಿ, ಎಲ್ಲರ ಕಣ್ಣೆದುರು. ಮೊದಲ ದಿನ ಹುಲಿಗೆಪ್ಪ ನಾಚಿಕೊಂಡು ಎಲೆಬಳ್ಳಿಯ ಮರೆಯಲ್ಲಿ ನಿಂತಿದ್ದ. "ಕೂಸು ಬೇಕು, ಅದರ ಅರಿವಿ ಬ್ಯಾಡೇನು?" ಎಂದು ದಾರಿಯವರೆಗೆ ಕೇಳುವ ಹಾಗೆ ಕೂಗಿದರು. ಅವನು ಒಗೆದ. ಆಮೇಲೆ ಬಂದ ಗಂಡಂದಿರಿಗೆ ಅವನೇ ಹಿಂಡುವುದು ಹೇಗೆಂದು ಕಲಿಸಿದ.

ಆ ಕೂಸೇ ಪ್ರತಾಪ.

ಎರಡು ವರ್ಷದ ಮೇಲೆ ನೀವು ಬಾಣಂತನಕ್ಕೆ ಬಂದಿರಿ. ಅತ್ತೆ ಋತುಜಾಳನ್ನೂ ಪ್ರತಾಪನನ್ನು ಮಲಗಿಸಿದ್ದ ಅದೇ ಚಾಚಿದ ಕಾಲ ಮೇಲೆ ಮಲಗಿಸಿ ನೀರು ಹಾಕಿದರು. ಮೇ ರಜೆಯಲ್ಲಿ ಅವಳು ಇಲ್ಲಿಗೆ ಬಂದರೆ ಇಬ್ಬರೂ ತೋಟದಲ್ಲಿ ಒಟ್ಟಿಗೆ ಓಡಾಡಿದವರು. ಆಮೇಲೆ ಅವನು ಮಿರಜದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಸೇರಿದ, ಇವಳು ಅಲ್ಲಿಯೇ ಔಷಧದ ಅಂಗಡಿಗೆ ಸೇರಿದಳು. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಈಗ ನಿಮ್ಮಿಂದ ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಮದುವೆ ನೋಂದಾಯಿಸಲು ಮೂರು ಜನ ಸಾಕ್ಷಿ ಬೇಕಿತ್ತು. ಹುಲಿಗೆಪ್ಪ ಒಬ್ಬ, ಪ್ರತಾಪನ ಗೆಳೆಯನೊಬ್ಬ. ಮೂರನೆಯವರು ನಿಮ್ಮ ಅಣ್ಣ ಆಗಬೇಕಿತ್ತು. ಹಿಂದಿನ ದಿನ ಎದೆ ತಟ್ಟಿ ಒಪ್ಪಿದ ಮನುಷ್ಯ, ಬೆಳಿಗ್ಗೆ ಹೊಟ್ಟೆ ನೋವು ಎಂದು ಮಗ್ಗುಲು ತಿರುಗಿ ಮಲಗಿದರು. ಅದು ನಿಮ್ಮ ಹೆದರಿಕೆಯ ಹೊಟ್ಟೆ ನೋವು. ಅತ್ತೆ ತಾವೇ ಹೊರಟರು. ನೀವು ಕೊಟ್ಟ ನೇರಳೆ ಬಣ್ಣದ ಇಳಕಲ್ ಸೀರೆ ಉಟ್ಟರು, ಆಧಾರ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡರು, ನನ್ನನ್ನೂ ಎಳೆದುಕೊಂಡು ಎಂಟೂವರೆಯ ಮಿರಜದ ಬಸ್ಸು ಹತ್ತಿದರು.

ಕಚೇರಿಯಲ್ಲಿದ್ದ ಗುಮಾಸ್ತ ಮರಾಠಿಯಲ್ಲಿ ಕೇಳಿದ, ಅಜ್ಜಿ, ನೀವು ಹುಡುಗನ ಕಡೆಯವರೋ ಹುಡುಗಿಯ ಕಡೆಯವರೋ ಎಂದು. ಅತ್ತೆ ಎರಡೂ ಕಡೆಯವಳು ಎಂದರು. ಹಾಗೆ ಬರೆಯಲು ಬರುವುದಿಲ್ಲ ಎಂದ ಅವನು. ಇಬ್ಬರಿಗೂ ಮೊದಲ ನೀರು ಹಾಕಿದವಳು ನಾನು, ನಿನಗೆ ಹೇಗೆ ಬರುತ್ತದೋ ಹಾಗೆ ಬರೆದುಕೋ ಎಂದು ಇವರು ಕುರ್ಚಿ ಎಳೆದು ಕೂತರು. ಅವನು ನಗುತ್ತ ಪೆನ್ನು ಕೊಟ್ಟ. ಕನ್ನಡದಲ್ಲಿ ಒಂದೊಂದೇ ಅಕ್ಷರ ಜೋಡಿಸಿ, ಚಂದ್ರಾಬಾಯಿ ರಾವಸಾಬ ಪಾಟೀಲ ಎಂದು ಸಹಿ ಮಾಡಿದರು. ಋತುಜಾ ಅತ್ತಳು, ಸೀತವ್ವ ಅತ್ತಳು, ನಾನೂ ಅತ್ತುಬಿಟ್ಟೆ. ಅವರೊಬ್ಬರೇ ಪೇಡೆಯ ಡಬ್ಬಿ ಹಿಡಿದು ಕಚೇರಿಯ ಪ್ರತಿ ಮೇಜಿಗೂ ಹೋಗಿ ಹಂಚಿದರು. ಅಷ್ಟು ಸಂತೋಷವಾಗಿ ನಾನು ಅವರನ್ನು ನೋಡಿದ್ದು ಕಡಿಮೆ.

ನಿಮಗೆ ತಾವೇ ಹೇಳುತ್ತೇನೆಂದು ನನ್ನ ಬಾಯಿ ಕಟ್ಟಿಸಿದ್ದರು. ಮೂರು ಸಲ ಡಿಗ್ರಜಕ್ಕೆ ಬಂದರು, ಮೂರು ಸಲವೂ ನಿಮ್ಮ ಮುಖ ನೋಡಿ, ಊಟ ಮಾಡಿ, ಹಾಗೇ ತಿರುಗಿ ಬಂದರು. ಹೇಳಿದಿರಾ ಎಂದು ಕೇಳಿದರೆ ಸಿಡುಕುತ್ತಿದ್ದರು: "ಬಾಯಿಗೆ ಬರಲಿಲ್ಲ ನೋಡ. ಹಡದಾಕಿ ನಾನ, ಅಂಜಾಕಿನೂ ನಾನ." ಊರಿನ ಗಂಡಸರನ್ನೆಲ್ಲ ಕಾಲುವೆಗೆ ಇಳಿಸಿದ ಹೆಂಗಸು ಅಂಜಿದ್ದು ನಿಮ್ಮೊಬ್ಬರಿಗೇ. ನಿಮ್ಮ ಮೇಲೆ ಅಷ್ಟು ಜೀವ ಇತ್ತು ಅವರಿಗೆ. ನಾಲ್ಕನೇ ಸಲಕ್ಕೆ ದಿನ ಇರಲಿಲ್ಲ.

ಕೊನೆಯ ನಾಲ್ಕು ದಿನ ಆಸ್ಪತ್ರೆಯಲ್ಲಿ ನೀವೂ ಇದ್ದಿರಿ. ನೀವು ಊಟಕ್ಕೆ ಹೋದಾಗಲೆಲ್ಲ ಅವರು ಪಕ್ಕದ ಹಾಸಿಗೆಯವಳ ಗಂಡನಿಗೆ ತಲೆ ಬಾಚುವುದು ಕಲಿಸುತ್ತಿದ್ದರು, ಪಾಪ ಅವಳಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ಹೃದಯ ದಣಿದಿತ್ತು ಎಂದು ಡಾಕ್ಟರು ಹೇಳಿದರು. ಎಪ್ಪತ್ತೆಂಟು ವರ್ಷ ಹಾಗೆ ಓಡಿಸಿದರೆ ಯಾವ ಹೃದಯ ದಣಿಯುವುದಿಲ್ಲ? ಕೊರಗು ಇದ್ದದ್ದು ಒಂದೇ, ನಿಮಗೆ ಹೇಳಲಿಲ್ಲವಲ್ಲ ಎಂಬುದು. ಅದನ್ನು ಇವತ್ತು ನಾನು ಇಳಿಸುತ್ತಿದ್ದೇನೆ.

ತೋಟದ ಖೋಲಿಗೆ ಸುಣ್ಣ ಹೊಡೆಸಿದ್ದೇನೆ. ನಿಮ್ಮ ಅಣ್ಣ ಹೊಟ್ಟೆ ನೋವಿನ ಪ್ರಾಯಶ್ಚಿತ್ತಕ್ಕೆ ಹೊಸ ಮಂಚ ತಂದು ಹಾಕಿದ್ದಾರೆ. ಋತುಜಾ ಅಲ್ಲಿಗೇ ಬರುತ್ತೇನೆ ಎಂದಿದ್ದಾಳೆ. ಸೀತವ್ವ ಇದ್ದಾಳೆ, ನಾನಿದ್ದೇನೆ, ಅವಳಿಗೆ ಏನೂ ಕಡಿಮೆಯಾಗುವುದಿಲ್ಲ. ಆದರೆ ಮೊದಲ ನೀರು ಹಾಕಲು ನಾನು ಕಾಲು ಚಾಚಿ ಕೂತರೆ ಅದು ನಿಮ್ಮ ಜಾಗದಲ್ಲಿ ಕೂತ ಹಾಗೆ. ನನಗೆ ಅದು ಬೇಡ. ಬನ್ನಿ. ಬಂದು ನನಗೆ ಎರಡು ಬೈಯಿರಿ, ಆಮೇಲೆ ನಿಮ್ಮ ಜಾಗ ಹಿಡಿಯಿರಿ.

ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ, ನೀವೇ ಬಂದರೆ ಸಾಕು.

ನಿಮ್ಮನ್ನು ಬಿಟ್ಟುಕೊಡಲು ಸಿದ್ಧಳಲ್ಲದ,
ನಿಮ್ಮ ವೈನಿ
ಉಜ್ವಲಾ

ತಾ. ಕ.: ರವಿವಾರ, ಮಧ್ಯಾಹ್ನ, ಮಿರಜ. ಕಳಿಸಲೋ ಬೇಡವೋ ಎಂದು ಎರಡು ದಿನ ಈ ಪತ್ರವನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ನನಗೂ ನಿಮ್ಮ ಹೆದರಿಕೆ ಇಲ್ಲದಿಲ್ಲ. ಅಷ್ಟರಲ್ಲಿ ನಿಮ್ಮ ಮೊಮ್ಮಗಳು ಡಾಕ್ಟರು ಕೊಟ್ಟ ದಿನ ಕಾಯಲಿಲ್ಲ. ಇವತ್ತು ಬೆಳಿಗ್ಗೆ ಆರೂ ನಲವತ್ತಕ್ಕೆ ಹುಟ್ಟಿದಳು, ಎರಡು ಕಿಲೋ ಎಂಟುನೂರು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಕೂಸನ್ನು ನೋಡುವ ಮೊದಲೇ ಋತುಜಾ ನನ್ನ ಕೈ ಹಿಡಿದು ಕೇಳಿದ್ದು, "ಮಾಮಿ, ಅವ್ವಗ ಹೇಳಿದ್ರೇನ್ರಿ?" ಹೇಳಿದೆ ಎಂದುಬಿಟ್ಟೆ. ಅದನ್ನು ಸಂಜೆಯೊಳಗೆ ನಿಜ ಮಾಡಬೇಕು, ಅಂಚೆಯನ್ನು ನಂಬಿದರೆ ಆಗುವುದಿಲ್ಲ. ಅದಕ್ಕೇ ಕೈಯಲ್ಲಿ ಕಳಿಸಿದ್ದೇನೆ. ಲಕೋಟೆ ಕೊಟ್ಟವನನ್ನು ನೀವು ಕೊರಿಯರಿನವನು ಎಂದುಕೊಂಡಿರಬಹುದು, ನೀವು ಅವನನ್ನು ನೋಡಿದ್ದು ಅವನು ಚಡ್ಡಿ ಹಾಕುತ್ತಿದ್ದಾಗ. ಅವನೇ ಪ್ರತಾಪ. ಹೋಗಿಲ್ಲ, ನಿಮ್ಮ ಗೇಟಿನ ಹೊರಗೆ ಗಾಡಿಯ ಹತ್ತಿರ ನಿಂತಿದ್ದಾನೆ. ನೀವು ಓದಿ ಮುಗಿಸುವತನಕ ಬಾಯಿ ಬಿಡಬೇಡ ಎಂದಿದ್ದೇನೆ. ನಿನ್ನೆ ಮಧ್ಯಾಹ್ನದಿಂದ ಅವನ ಹೊಟ್ಟೆಗೆ ಏನೂ ಬಿದ್ದಿಲ್ಲ. ಮೊದಲು ಒಳಗೆ ಕರೆದು ಬಡಿಸಿ ಅಕ್ಕ, ಆಮೇಲೆ ಸೀರೆ ಬದಲಿಸಿ ಅವನ ಗಾಡಿ ಹತ್ತಿ.