ಜಗಲಿಯಲ್ಲಿ ಒಪ್ಪದ ಸುನ್ನತಿ

ಅಖ್ತರಿ,

ಇವತ್ತು ಚಿಕ್ಕಬಳ್ಳಾಪುರದ ನರ್ಸಿಂಗ್ ಹೋಮಿನಲ್ಲಿ ನನಗೆ ಸುನ್ನತಿ ಮಾಡಿದರು. "ಷುಗರ್ ಇರೋರಿಗೆ ಮುಂದೊಗಲು ಸೋಂಕಾಗಿ ಬಿಗಿಯುತ್ತೆ, ಇದು ಮಾಮೂಲು ಕಣ್ರಿ," ಎಂದರು ಡಾಕ್ಟರು. ಕೊಟ್ಟ ಕಾಗದಕ್ಕೆ ಓದದೆಯೇ ಸಹಿ ಹಾಕಿದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹದಿನೈದು ನಿಮಿಷದಲ್ಲಿ ಮುಗಿಸಿದರು.

ಎಂಬತ್ತೆರಡನೇ ಇಸವಿಯಲ್ಲಿ, ಶಿಡ್ಲಘಟ್ಟದ ನಿಮ್ಮ ಮನೆಯ ಜಗಲಿಯಲ್ಲಿ, ನಮ್ಮ ಮದುವೆಗೆ ನಿನ್ನ ಅಬ್ಬಾ ಕೇಳಿದ್ದು ಇದೊಂದನ್ನೇ. "ಮಿಕ್ಕಿದ್ದು ಆಮೇಲೆ ಮಾತಾಡಣ. ಮೊದಲು ಸುನ್ನತಿ ಮಾಡಿಸ್ಕೊಳಪ್ಪ."

ನಾನಾಗ ಚರ್ಚಿನಲ್ಲಿ ಹೊಸದಾಗಿ ಬೋಧಿಸಲು ನಿಂತಿದ್ದೆ. "ನಮ್ಮಲ್ಲಿ ಸುನ್ನತಿ ಹೃದಯಕ್ಕೆ ಸಾಹೇಬ್ರೆ, ಮೈಗಲ್ಲ. ಮೈಗೆ ಆದ್ರೂ ಒಂದೇ, ಆಗ್ದಿದ್ರೂ ಒಂದೇ ಅಂತ ಬೈಬಲಲ್ಲಿ ಪೌಲರೇ ಬರೆದಿದಾರೆ," ಎಂದೆ. ಟೀ ತಂದಿದ್ದ ನೀನು ಲೋಟ ಕೆಳಗಿಡದೆ ಹಾಗೆಯೇ ಒಳಗೆ ಹೋದೆ.

ಪೌಲರ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಪ್ರೀತಿಯಲ್ಲಿ ನಡೆದು ತೋರಿಸುವ ನಂಬಿಕೆಯೊಂದೇ ಮುಖ್ಯ ಎಂದು ಅದೇ ಸಾಲಿನಲ್ಲಿ ಮುಂದುವರಿಯುತ್ತದೆ. ಆಮೇಲೆ ಎಷ್ಟೋ ಭಾನುವಾರ ಅದನ್ನು ಸಭೆಗೆ ಪೂರ್ತಿ ಓದಿ ವಿವರಿಸಿದ್ದೇನೆ. ಅವತ್ತು ಜಗಲಿಯಲ್ಲಿ ಮಾತ್ರ ಅರ್ಧಕ್ಕೇ ನಿಲ್ಲಿಸಿದ್ದೆ.

ನೀನು ಮದುವೆಯಾಗಿ ಹೋದ ಊರು ಯಾವುದೆಂದು ಕೂಡ ನಾನು ಕೇಳಿ ತಿಳಿದುಕೊಳ್ಳಲಿಲ್ಲ.

ಮರಗಟ್ಟಿದ್ದು ಸಂಜೆಯೊಳಗೆ ಬಿಡುತ್ತದಂತೆ, ಆಮೇಲೆ ನೋಯುತ್ತದಂತೆ. ಈಗ ಸಂಜೆಯಾಗಿದೆ. ಇನ್ನೂ ಏನೂ ಗೊತ್ತಾಗುತ್ತಿಲ್ಲ.